ಭಟ್ಟರ ನೂಡಲ್ಸಿನ ಉಪ್ಪು

ಅಡುಗೆ ಭಟ್ಟರ ಬಲಗೈಯಲ್ಲಿ ಮೊಣಕೈಯವರೆಗೆ ಒಂದು ಕೂದಲೂ ಇರಲಿಲ್ಲ. ನಲವತ್ತು ವರ್ಷ ಸಂತರ್ಪಣೆಯ ಒಲೆಗಳ ಮುಂದೆ ನಿಂತು ಹುಳಿ, ಸಾರು ತಿರುವಿದ ಕೈ ಅದು; ಬೆಂಕಿಯ ಕಾವಿಗೆ ತಂಬಿಗೆಯ ಹಾಗೆ ನುಣ್ಣಗಾಗಿತ್ತು. ಅಲೆವೂರಿನಲ್ಲಿ ನಮ್ಮಿಬ್ಬರ ಮನೆಗಳ ನಡುವೆ ಒಂದು ದಾಸವಾಳದ ಬೇಲಿ ಮಾತ್ರ. ಊರಿಗೆಲ್ಲ ತುಳು ಮಾತಾಡುವ ಅವರು, ನಾನು ಶಾಲೆಯಲ್ಲಿ ಕನ್ನಡ ಕಲಿಸುವವಳೆಂಬ ಗೌರವಕ್ಕೆ, ನನ್ನೊಡನೆ ಕನ್ನಡವನ್ನೇ ಆಡುತ್ತಿದ್ದರು.

ಅಡುಗೆ ಮಾಡುವಾಗ ಅವರು ರುಚಿ ನೋಡುತ್ತಿರಲಿಲ್ಲ. ನೈವೇದ್ಯಕ್ಕೆ ಮೊದಲು ಎಂಜಲಾಗಬಾರದಲ್ಲ! ಕುದಿಯುವ ಹಬೆಯನ್ನು ಮೂಸಿಯೇ ಉಪ್ಪು ಎಷ್ಟಿದೆ ಎಂದು ಹೇಳುತ್ತಿದ್ದರು. "ಮನೆಯಲ್ಲಾದರೂ ನೋಡಬಹುದಲ್ಲ ಭಟ್ರೇ?" ಎಂದು ಕೆಣಕಿದರೆ, "ಮನೆ ಯಾವುದು, ದೇವಸ್ಥಾನ ಯಾವುದು ಅಂತ ಈ ಕೈಗೆ ಗೊತ್ತಾಗುವುದಿಲ್ಲ ಟೀಚರೇ" ಎನ್ನುತ್ತಿದ್ದರು.

ಭಟ್ಟರ ಮಗಳ ಮಗಳು ಮಣಿಪಾಲದ ಹಾಸ್ಟೆಲಿಗೆ ಸೇರಿದಳು. ಭಾನುವಾರ ಸಂಜೆ ಇಬ್ಬರು ಗೆಳತಿಯರೊಡನೆ ಊಟಕ್ಕೆ ಬರುತ್ತೇನೆ, ಸಾರು ಬೇಡ, ನೂಡಲ್ಸ್ ಮಾಡಿ ಎಂದು ಫೋನಿನಲ್ಲಿ ಹಟ ಹಿಡಿದಳು. ಭಟ್ಟರು ಬೇಲಿಯ ಬಳಿ ಬಂದರು. "ಎಂತ ಅದು, ಶ್ಯಾವಿಗೆಯ ಚೀನಾದ ತಮ್ಮನಾ? ಮಾಡುವ ಕ್ರಮ ಒಂದು ಬರೆದು ಕೊಡಿ." ಬರೆದು ಕೊಟ್ಟೆ. ನೂಡಲ್ಸ್, ಸೋಯಾ ಸಾಸ್ ತಂದೂ ಕೊಟ್ಟೆ. ಸಾಸಿನಲ್ಲೇ ಉಪ್ಪಿದೆ ಎಂದು ಬರೆಯಲು ಮಾತ್ರ ಮರೆತೆ.

ಶನಿವಾರವೇ ಒಮ್ಮೆ ಮಾಡಿ ನೋಡಿದರು. ಬೀನ್ಸ್, ಕ್ಯಾರೆಟ್, ಕ್ಯಾಬೇಜು ಎಲ್ಲ ಎಳೆ ಎಳೆಯಾಗಿ ಹೆಚ್ಚಿದ್ದರು. ಈರುಳ್ಳಿ, ಬೆಳ್ಳುಳ್ಳಿ ಇಲ್ಲ. ಶುಂಠಿ, ಕಾಳುಮೆಣಸು, ತೆಂಗಿನೆಣ್ಣೆ. ಹದಿನೈದು ನಿಮಿಷದಲ್ಲಿ ಮುಗಿಯಿತು. "ಇಷ್ಟೇನಾ? ನನ್ನ ಒಲೆ ಇನ್ನೂ ಬಿಸಿಯೇ ಆಗ್ಲಿಲ್ಲ" ಎಂದು ನಕ್ಕರು. ಅಂದು ಏಕಾದಶಿ, ಅವರಿಗೆ ಉಪವಾಸ. "ನೀವೇ ತಿಂದು ಹೇಳಬೇಕು. ಆ ಸಾಸಿನ ಪರಿಮಳದಲ್ಲಿ ನನಗೆ ಉಪ್ಪು ಸಿಗುವುದಿಲ್ಲ."

ಬಾಯಿಗಿಟ್ಟೆ. ಉಪ್ಪೇ ಉಪ್ಪು! ಬೇಯಿಸುವ ನೀರಿಗೂ ತರಕಾರಿಗೂ ಉಪ್ಪು ಹಾಕಿ, ಮೇಲೆ ಸಾಸನ್ನೂ ಹೊಯ್ದಿದ್ದರು. ಭಟ್ಟರು ನನ್ನ ಮುಖವನ್ನೇ ನೋಡುತ್ತಿದ್ದರು. ಊರಿಗೆ ಊರೇ ಹೊಗಳಿದ ಕೈಗೆ ಉಪ್ಪು ಹೆಚ್ಚಾಯಿತು ಎನ್ನಲು ನನಗೆ ನಾಲಗೆ ಏಳಲಿಲ್ಲ.

"ಭಾರೀ ಲಾಯ್ಕಾಗಿದೆ ಭಟ್ರೇ."

"ಉಪ್ಪು?"

"ಸರಿ ಉಂಟು."

ಉಳಿದದ್ದನ್ನೂ ಖುಷಿಯಿಂದ ಡಬ್ಬಿಗೆ ತುಂಬಿಸಿ ನನಗೇ ಕೊಟ್ಟರು. ತೆಂಗಿನ ಬುಡಕ್ಕೆ ಸುರಿದೆ. ಎಂಥ ಮರ್ಯಾದಸ್ಥೆ ನಾನು! ಬೆಳಿಗ್ಗೆ ಹೇಳೋಣ ಎಂದುಕೊಂಡೆ, ಬೆಳಿಗ್ಗೆಯೂ ಹೇಳಲಿಲ್ಲ.

ಭಾನುವಾರ ಬಾಳೆಲೆಯ ಮೇಲೆ ನೂಡಲ್ಸ್ ಬಡಿಸಿ, ಭಟ್ಟರು ಪಂಕ್ತಿಯ ತುದಿಯಲ್ಲಿ, ನನ್ನ ಪಕ್ಕ, ಕೈಕಟ್ಟಿ ನಿಂತರು. ಮೊಮ್ಮಗಳು "ಚೆನ್ನಾಗಿದೆ ಅಜ್ಜ" ಎಂದು ನೀರು ಕುಡಿದಳು. ಮತ್ತೆ ಕುಡಿದಳು. ಮೂರೂ ಎಲೆಗಳಲ್ಲಿ ಬಡಿಸಿದ್ದು ಹಾಗೇ ಉಳಿಯಿತು. ಹುಡುಗಿಯರು ಬಸ್ಸಿಗೆ ಹೊರಟ ಮೇಲೆ ಭಟ್ಟರು ಪಾತ್ರೆಯಿಂದ ಒಂದೆಳೆ ತೆಗೆದು ಬಾಯಿಗೆ ಹಾಕಿಕೊಂಡರು.

"ನಿನ್ನೆಯೂ ಹೀಗೇ ಇತ್ತಾ ಟೀಚರೇ?"

"ಹೌದು."

"ಹೇಳಬಹುದಿತ್ತು."

ಅಷ್ಟೇ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಮಾತು ಬಿಡಲಿಲ್ಲ, ಬೇಲಿಯಾಚೆಯಿಂದ ಬಸಳೆ ಕೊಡುವುದನ್ನೂ ನಿಲ್ಲಿಸಲಿಲ್ಲ. ಆದರೆ ಒಂದು ದಿನ ನನ್ನ ಕಿಟಕಿಯಿಂದ ಕಂಡೆ: ಭಟ್ಟರು ಸೌಟಿನಿಂದ ಸಾರನ್ನು ಅಂಗೈಗೆ ಬಿಟ್ಟುಕೊಂಡು ನೆಕ್ಕುತ್ತಿದ್ದರು. ತುಸು ಹೊತ್ತು ಬಿಟ್ಟು ಇನ್ನೊಮ್ಮೆ. ಸಂತರ್ಪಣೆಗೆ ಯಾರು ಕರೆದರೂ "ಈಗ ಕೈ ಸರಿ ಇಲ್ಲ" ಎನ್ನತೊಡಗಿದರು. ಕೈ ಸರಿಯಾಗಿಯೇ ಇತ್ತು.

ಕಳೆದ ವರ್ಷ ತೀರಿಕೊಂಡರು. ಹದಿಮೂರನೆಯ ದಿನದ ಊಟಕ್ಕೆ ಮೊಮ್ಮಗಳು ನನ್ನ ಪಕ್ಕದಲ್ಲಿ ಕುಳಿತಿದ್ದಳು. "ಅವತ್ತು ನಾನು ಎಲೆಯಲ್ಲೇ ಬಿಟ್ಟೆ ಆಂಟಿ. ಆಮೇಲೆ ಅಜ್ಜ ದೊಡ್ಡ ಅಡುಗೆಗೆ ಹೋಗಲೇ ಇಲ್ಲ. ನನ್ನಿಂದಲೇ ಅಲ್ವಾ?" ಎಂದು ಅತ್ತಳು.

"ಹಾಗೆಲ್ಲ ಎಂತದೂ ಇಲ್ಲ ಮಗಾ" ಎಂದು ಬೆನ್ನು ಸವರಿದೆ. ಶನಿವಾರದ ವಿಷಯ ಆಗಲೂ ಬಾಯಿಗೆ ಬರಲಿಲ್ಲ.

ಮಗಾ, ಇದು ನಿನ್ನ ಕಣ್ಣಿಗೆ ಬಿದ್ದರೆ ತಿಳಿದುಕೋ: ಅದು ನಿನ್ನಿಂದ ಆದದ್ದಲ್ಲ. ನಿನಗಿಂತ ಒಂದು ದಿನ ಮೊದಲೇ ನಾನು ಅದನ್ನು ತಿಂದಿದ್ದೆ.