ಅಪ್ಪ ಬರೆದ ಕೊನೆಯ ಫಂಕ್ಷನ್

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅಪ್ಪನಿಗೆ ಕೋಡ್ ಓದಿ ಹೇಳುವುದು ನನ್ನ ಕೆಲಸವಾಗಿತ್ತು. ಕಾರವಾರದಿಂದ ಬಸ್ಸು ಹಿಡಿದು ಅಂಕೋಲೆಯ ಅಣ್ಣನ ಮನೆಗೆ ಹೋಗುವಷ್ಟರಲ್ಲಿ ಅಪ್ಪ ಜಗಲಿಯ ಬೆತ್ತದ ಕುರ್ಚಿಯಲ್ಲಿ ಕೂತಿರುತ್ತಿದ್ದ. ಅವನ ದೃಷ್ಟಿ ಪೂರ್ತಿ ಹೋಗಿ ಮೂರು ವರ್ಷವಾಗಿತ್ತು. ನಾನು ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟು ಓದುವಾಗ, ಆವರಣ ಚಿಹ್ನೆ ತೆರೆದಲ್ಲೆಲ್ಲ ಅವನ ತೋರುಬೆರಳು ಕುರ್ಚಿಯ ಕೈಯನ್ನು ಒಮ್ಮೆ ತಟ್ಟುತ್ತಿತ್ತು, ಮುಚ್ಚಿದಲ್ಲಿ ಮೇಲೇಳುತ್ತಿತ್ತು.

ಅಪ್ಪ ಬಿಣಗಾದ ಕಾರ್ಖಾನೆಯ ಲ್ಯಾಬಿನಲ್ಲಿದ್ದವನು. ದಿನವೂ ರಾಶಿ ಬೀಳುವ ವರದಿಗಳಲ್ಲಿ ಬೇಕಾದ ಸಾಲನ್ನು ಹುಡುಕಲೆಂದು, ಪುಸ್ತಕ ನೋಡಿ ಸಿ ಭಾಷೆ ಕಲಿತು, ರೆಗ್ಯುಲರ್ ಎಕ್ಸ್‌ಪ್ರೆಷನ್ನಿನ ಪುಟ್ಟ ಕೋಡ್ ಲೈಬ್ರರಿಯೊಂದನ್ನು ಬರೆದ. ‘ಎರಡು ಅಕ್ಷರ, ಆಮೇಲೆ ಎಷ್ಟಾದರೂ ಅಂಕಿ’ ಎಂದು ಆಕಾರವನ್ನಷ್ಟೇ ಹೇಳಿದರೆ ಸಾಕು, ಆ ಆಕಾರದ್ದು ಎಲ್ಲಿದ್ದರೂ ಹುಡುಕಿ ಕೊಡುತ್ತಿತ್ತು. ನಿವೃತ್ತನಾದ ಮೇಲೆ, ಯಾರು ಬೇಕಾದರೂ ಬಳಸಲಿ ಎಂದು ಇಂಟರ್ನೆಟ್ಟಿನಲ್ಲಿ ಇಟ್ಟ. ಹೆಸರೇ ಕೇಳಿರದ ಊರುಗಳವರು ಬಳಸಿದರು, ತಪ್ಪು ಸಿಕ್ಕಾಗ ಪತ್ರ ಬರೆದರು. ಕಣ್ಣು ಹೋದ ಮೇಲೆ ಆ ಪತ್ರಗಳೆಲ್ಲ ನನ್ನ ಪಾಲಿಗೆ ಬಂದವು. ಬಿಎಸ್ಸಿಯಲ್ಲಿ ಕಲಿತ ಸಿ ಭಾಷೆಯನ್ನು ಮದುವೆಯಾದ ಮೇಲೆ ಮುಟ್ಟಿರಲಿಲ್ಲ. ಪಾತ್ರೆ ತೊಳೆದು, ಸೆರಗಿಗೆ ಕೈ ಒರೆಸಿಕೊಂಡು ಕೂತು ಮತ್ತೆ ಕಲಿತೆ.

ನಾನು ಒಂದೊಂದೇ ಭಾಗ ತಿದ್ದಿ ಬದಲಿಸುತ್ತ ಹೋದಂತೆ, ಅಪ್ಪನ ಕೈಯದೆಂದು ಕೊನೆಗೆ ಉಳಿದದ್ದು ಹುಡುಕುವ ಕೆಲಸ ಮಾಡುವ ಮುಖ್ಯ ತುಂಡು, ಆ ಫಂಕ್ಷನ್ ಒಂದೇ. ದಾರಿ ತಪ್ಪಿದರೆ ಹಿಂದಿನ ಕವಲಿಗೆ ಮರಳಿ ಇನ್ನೊಂದು ದಾರಿ ಹಿಡಿಯುವುದು ಅದರ ಕ್ರಮ. ಕವಲಿನೊಳಗೆ ಕವಲಿದ್ದರೆ ಮಾತ್ರ ಹೋಗುತ್ತ ಬರುತ್ತಲೇ ಇರುತ್ತದೆ, ಉತ್ತರ ಬರುವುದೇ ಇಲ್ಲ. “ಈ ಗಂಟೊಂದು ಬಿಡಿಸ್ಲಿಕ್ಕೆ ನಂಗೆ ಆಗ್ಲಿಲ್ಲ” ಎಂದು ಅಪ್ಪನೇ ಒಮ್ಮೆ ಹೇಳಿದ್ದ.

ಮಳೆಗಾಲ ಮುಗಿಯುವ ಹೊತ್ತಿಗೆ ದೂರದ ಯಾರೋ ಹೆಂಗಸು ಬರೆದಳು. ಅದೇ ಗಂಟಿನಿಂದ ಅವಳ ಕಚೇರಿಯ ಕಂಪ್ಯೂಟರುಗಳು ಬೆಳಿಗ್ಗೆಯಿಡೀ ನಿಂತುಬಿಟ್ಟಿದ್ದವಂತೆ. ತೇಪೆ ಹಾಕಿ ನೋಡಿದೆ, ನಿಲ್ಲಲಿಲ್ಲ. ಎಲ್ಲ ದಾರಿಗಳಲ್ಲೂ ಒಟ್ಟಿಗೇ ಒಂದೊಂದು ಹೆಜ್ಜೆ ಇಡುವ ಹೊಸ ಫಂಕ್ಷನ್ ಬರೆದು, ಅಪ್ಪನದನ್ನು ಅಳಿಸಿದೆ. ಅಳಿಸುವ ಮೊದಲು ಒಂದು ಪ್ರಿಂಟ್ ತೆಗೆದಿಟ್ಟುಕೊಂಡೆ.

ಮುಂದಿನ ಭಾನುವಾರ ಹೇಳಿಬಿಡಬೇಕೆಂದೇ ಹೋಗಿದ್ದೆ. ಅಪ್ಪ ಒಗೆದ ಅಂಗಿ ಹಾಕಿಕೊಂಡು, ಬೆರಳನ್ನು ಕುರ್ಚಿಯ ಕೈಯ ಮೇಲಿಟ್ಟು ಕಾಯುತ್ತಿದ್ದ. ಹೇಳುವ ಬದಲು, ಚೀಲದಿಂದ ಅವನ ಫಂಕ್ಷನ್ನಿನ ಆ ಪ್ರಿಂಟ್ ಕಾಗದ ತೆಗೆದೆ. ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ ಹಾಗೆ, ಪದದ ಕೊನೆ ನುಂಗದೆ, ತಡವರಿಸದೆ ಓದಿದೆ. ಎರಡು ತಿಂಗಳು ಹೀಗೇ ಓದಿದೆ.

ಅತ್ತಿಗೆ ಚಾ ತಂದಿಟ್ಟು ನಗುತ್ತಿದ್ದಳು. “ಎಂತ ಜಪನೇ ಇದು ಅಪ್ಪ ಮಗಳದ್ದು? ಇಫ್ಫು, ಎಲ್ಸು, ಇಫ್ಫು, ಎಲ್ಸು. ಯಾವ ದೇವ್ರು ಒಲೀತಾನೆ ಇದಕ್ಕೆ?”

“ನಿನ್ನ ಸೀರಿಯಲ್ಲಿಗಿಂತ ಬೇಗ ಮುಗೀತದೆ, ಬಿಡು” ಎನ್ನುತ್ತಿದ್ದ ಅಪ್ಪ.

ಆಮೇಲೊಂದು ಭಾನುವಾರ ಅವನು, “ಇವತ್ತು ಓದೂದು ಬೇಡ. ನಾ ಹೇಳ್ದ್ದು ಹಾಕಿ ನೋಡು” ಎಂದ. ಕಂಸದೊಳಗೆ ಎ ಮತ್ತು ‘ಎಷ್ಟಾದರೂ’ ಎಂಬರ್ಥದ ಪ್ಲಸ್, ಕಂಸದ ಹೊರಗೆ ಇನ್ನೊಂದು ಪ್ಲಸ್, ಕೊನೆಗೆ ಬಿ. ಹುಡುಕಬೇಕಾದ ಸಾಲಿನಲ್ಲಿ ಬರೀ ನಲವತ್ತು ಎ. ನಾನು ಬಾಯಲ್ಲೇ ಎಣಿಸುತ್ತ ಒತ್ತಿದೆ, ಮನಸ್ಸೆಲ್ಲ ಎಣಿಕೆ ತಪ್ಪಬಾರದೆಂಬುದರಲ್ಲಿತ್ತು.

“ಉತ್ತರ ಬಂತನೇ?”

“ಬಂತು ಅಪ್ಪಾ. ಸಿಗಲಿಲ್ಲ ಅಂತು.”

ಹೇಳಿದ ಮೇಲೆ ನನಗೆ ಹೊಳೆಯಿತು. ಪ್ಲಸ್ಸಿನ ಮೇಲೆ ಪ್ಲಸ್, ಕವಲಿನೊಳಗೆ ಕವಲು, ಅದೇ ಗಂಟು. ಅವನ ಫಂಕ್ಷನ್ ಇದ್ದಿದ್ದರೆ ಉತ್ತರ ಬರುವಂತಿರಲಿಲ್ಲ.

ಅಪ್ಪ ಚಾದ ಲೋಟವನ್ನು ತಡವಿ ಹಿಡಿದುಕೊಂಡ. “ನಂದಾಗಿದ್ರೆ ಈ ಚಾ ಆರಿ ಹೋದ್ರೂ ಬರ್ತಿರಲಿಲ್ಲ” ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. “ಎಷ್ಟು ದಿನ ಆಯ್ತು ಮಗಾ, ತೆಗ್ದು?”

“ಎರಡು ತಿಂಗ್ಳು.”

“ಮೊದ್ಲು ಕಂಪ್ಯೂಟರ್ ನೋಡಿ ಓದ್ತಿದ್ದೆ ನೀನು. ಈಗೀಗ ಕಾಗದದ ಸಪ್ಪಳ ಕೇಳ್ತಿತ್ತು.”

“ನಿಂಗೆ ಬೇಜಾರಾಗ್ತದೆ ಅಂತ...”

“ತೆಗ್ದದ್ದು ಸರಿನೇ. ಆ ಗಂಟು ನೀ ಬಿಡಿಸ್ದೆ ಅಂತ ಗೊತ್ತಾಗಿದ್ರೆ ನಾ ಊರೆಲ್ಲ ಹೇಳ್ಕೊಂಡು ತಿರಗ್ತಿದ್ದೆ.” ಲೋಟ ಕೆಳಗಿಟ್ಟು, “ನಂಗೇ ಮೊದ್ಲು ಹೇಳ್ಬೇಕಾಗಿತ್ತು ನೀನು” ಎಂದ.

ಲೋಟದ ಅಂಚಿನಲ್ಲಿ ಕೆನೆ ಕಟ್ಟಿತ್ತು. ಅವನು ಕುಡಿಯಲಿಲ್ಲ.

ಮರುವಾರ ಲ್ಯಾಪ್‌ಟಾಪ್ ತೆರೆದು ಹೊಸ ಫಂಕ್ಷನ್ ಓದಿದೆ. ಗಂಟು ಬಿಡಿಸಿದ ಜಾಗ ಬಂದಾಗ ನಿಧಾನ ಮಾಡಿದೆ, ಅವನೇನಾದರೂ ಕೇಳುತ್ತಾನೆಂದು. “ಚಂದ ಬರ್ದಿದ್ದೆ ನೀನು” ಎಂದ, ಪಕ್ಕದ ಮನೆಯವರ ಮಗಳಿಗೆ ಹೇಳುವ ಹಾಗೆ. ಕೊನೆಯ ಆವರಣ ಮುಚ್ಚುವವರೆಗೂ ಓದಿದೆ. ಅವನ ಎರಡೂ ಕೈ ಮಡಿಲಲ್ಲೇ ಇದ್ದವು.