ಕ್ಯಾಲೆಂಡರ್ ಮೊಳೆಗೆ ಕಟ್ಟಿದ ಅರ್ತಿಂಗ್

ಬೆಳಿಗ್ಗೆ ಮಿಕ್ಸಿ ತಿರುಗಿದೊಡನೆ ನನ್ನ ರೇಡಿಯೊ ಕರ್ರೋ ಎಂದು ಅರಚಿಕೊಂಡಿತು. ಚಟ್ನಿಗೂ ವಾರ್ತೆಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಆ ಸಂಬಂಧ ಬಿಡಿಸುವುದರಲ್ಲೇ ನನ್ನ ಅರ್ಧ ಆಯುಷ್ಯ ಕಳೆಯಿತು. ಕಾರ್ಖಾನೆಗಳಿಗೆ ಡ್ರೈವ್, ಅಂದರೆ ಮೋಟಾರಿನ ವೇಗವನ್ನು ಹೆಚ್ಚು ಕಡಿಮೆ ಮಾಡುವ ಪೆಟ್ಟಿಗೆ, ಕೂರಿಸಿಕೊಡುವುದು ನನ್ನ ಕಸುಬಾಗಿತ್ತು.

ರಾಮನಗರದ ಸುತ್ತ ಕಂಡಕಂಡವರೆಲ್ಲ ಕಾರ್ಖಾನೆ ಮಾಲೀಕರಾಗುತ್ತಿದ್ದ ಕಾಲ ಅದು. ದೊಡ್ಡಮಳೂರಿನ ಹತ್ತಿರ ಶಿವಣ್ಣ ಎಂಬಾತ ಮನೆಗೆ ಅಂಟಿಸಿ ಶೀಟು ಹೊದಿಸಿ, ರೇಷ್ಮೆ ನೂಲು ಹುರಿ ಮಾಡುವ ಯಂತ್ರ ಹಾಕಿದ. ಡ್ರೈವ್ ನನ್ನಿಂದ ತರಿಸಿಕೊಂಡ. ವೈರಿಂಗ್ ಮಾತ್ರ "ನಾವೇ ಮಾಡ್ಕತೀವಿ ಬುಡಿ ಸಾರ್" ಎಂದ.

ಯಂತ್ರ ಓಡಿದ್ದೇ ತಡ, ಜಗಲಿಯ ಮಂಚದಲ್ಲಿ ಕೂತಿರುತ್ತಿದ್ದ ಅವನ ಅಪ್ಪ ಬೋರೇಗೌಡರ ಕಿವಿ ಮಿಷನ್ನಿನೊಳಗೆ ದುಂಬಿ ಸೇರಿಕೊಂಡಿತು. "ಗುಂಯ್ ಅಂತೈತೆ, ಯಾರ್ ಮಾತೂ ಕೇಳಾಕಿಲ್ಲ" ಎಂದು ಗೌಡರು ಗೋಳಾಡಿದರು. ಬ್ಯಾಟರಿ ಬದಲಾಯಿಸಿದರು, ಕಿವಿ ತೊಳೆಸಿದರು, ದೃಷ್ಟಿಯನ್ನೂ ತೆಗೆದರು. ಕಡೆಗೆ ಮುದುಕನಿಗೆ ಅರಳುಮರಳು ಎಂದು ತೀರ್ಮಾನಿಸಿ ಮನೆಯವರು ನೆಮ್ಮದಿಯಾದರು. ಗೌಡರು ಮಿಷನ್ ಬಿಚ್ಚಿ ಜೇಬಿಗಿಟ್ಟುಕೊಂಡರು. ಅಲ್ಲಿಂದ ಮನೆಯ ಗುಟ್ಟೆಲ್ಲ ಅವರ ಎದುರಿಗೇ, ಗಟ್ಟಿ ಗಂಟಲಲ್ಲಿ ನಡೆಯತೊಡಗಿತು.

ಒಮ್ಮೆ ಆ ಕಡೆ ಹೋದಾಗ ಈ ಕಥೆ ಕೇಳಿ ನಾನು ಡ್ರೈವ್ ಆರಿಸಿ, ಗೌಡರಿಗೆ ಮಿಷನ್ ಹಾಕಿಕೊಳ್ಳಲು ಹೇಳಿದೆ. "ದುಂಬಿ ಎದ್ದೋಯ್ತು ಕಣಪ್ಪ!" ಎಂದರು. ರೇಡಿಯೊ ಅರಚಿಸುವಂಥದೇ ಗದ್ದಲ ಎರಚುವ ಮೋಟಾರಿನ ವೈರು ಅವರ ದಿಂಬಿನ ಹಿಂದೆಯೇ ಗೋಡೆಗುಂಟ ಹಾದಿತ್ತು. ಆ ಗದ್ದಲವನ್ನು ನೆಲಕ್ಕಿಳಿಸಬೇಕಾದ ಅರ್ತಿಂಗ್ ವೈರನ್ನು ಹುಡುಕಿಕೊಂಡು ಹೋದರೆ, ಅದು ನೆಲ ಮುಟ್ಟುವ ಗೊಡವೆಗೇ ಹೋಗದೆ ಗೋಡೆಯ ಮೊಳೆಯೊಂದಕ್ಕೆ ಸುತ್ತಿಕೊಂಡಿತ್ತು. ಅದೇ ಮೊಳೆಗೆ ಕ್ಯಾಲೆಂಡರನ್ನೂ ನೇತುಹಾಕಿದ್ದರು.

"ಅದ್ರಲ್ಲಿ ಕರೆಂಟೇ ಬರಾಕಿಲ್ವಲ್ಲ ಸಾರ್, ಎಲ್ಲಿ ಕಟ್ಟಿದ್ರೇನು?" ಎಂದ ಶಿವಣ್ಣ.

ಅರ್ತಿಂಗಿಗೆಂದು ಗುಂಡಿ ತೋಡಿಸಿದೆ. ಲೋಹದ ಹೆಣಿಗೆ ಹೊದ್ದ ಕೇಬಲ್ ತರಿಸಿ, ಆ ಹೊದಿಕೆಯ ಎರಡು ತುದಿಯನ್ನೂ ಅರ್ತಿಂಗಿಗೆ ಬಿಗಿದು, ಜಗಲಿಯಿಂದ ದೂರಕ್ಕೆ ಎಳೆಸಿದೆ. ಯಂತ್ರ ಓಡಿತು. ಗೌಡರು ಕಿವಿಯ ಮಿಷನ್ ತೆಗೆಯದೆ ಕುಳಿತೇ ಇದ್ದರು. ನನಗೆ ಎಂಥ ಹೆಮ್ಮೆ ಅಂತೀರಿ!

ಅಭ್ಯಾಸಬಲ ನೋಡಿ, ಶಿವಣ್ಣ ಅಲ್ಲೇ ನಿಂತು ಹೆಂಡತಿಗೆ ಹೇಳಿದ: "ಇನ್ನೊಂದು ಯಂತ್ರ ಈ ಜಗಲಿ ಮ್ಯಾಲೇ ಹಾಕ್ಬುಡಾಣ. ಅಪ್ಪನ ಮಂಚ ಕೊಟ್ಟಿಗೆಗೆ ಸಾಗಿಸಿದ್ರಾಯ್ತು. ಅದಕ್ಕೇನು ತಿಳೀತದೆ?"

ತಿಂಗಳುಗಟ್ಟಲೆ ಆದ ಮೇಲೆ ಆ ಕಿವಿಗೆ ಬಿದ್ದ ಮನೆಯ ಮೊದಲ ಗುಟ್ಟು ಇದಾಯಿತಲ್ಲ ಎಂದು ನನಗೆ ಸಂಕಟವಾಯಿತು. ಗೌಡರು ಮಾತ್ರ ಎಲೆಯಡಿಕೆ ಉಗಿದು ನಿಧಾನವಾಗಿ ಎದ್ದರು.

"ಕೊಟ್ಟಿಗೆಗೆ ಒಸಿ ಸುಣ್ಣ ಬಳಿಸ್ಲಾ. ನಿನ್ ಮಂಚ ಹಾಕ್ಸ್‌ಬೇಕು. ಮನೆ ಇನ್ನೂ ನನ್ನೆಸ್ರಲ್ಲೇ ಐತೆ."

ಶಿವಣ್ಣ ಬೆವರಿಬಿಟ್ಟ. ನನ್ನನ್ನು ಗೇಟಿನಾಚೆ ಕರೆದೊಯ್ದು, "ಸಾರ್, ಅರ್ತಿಂಗ್ನ ಮೊದ್ಲಿನಂಗೇ ಮೊಳೆಗೆ ಕಟ್ಬುಡಾಕಾಯ್ತದಾ?" ಎಂದು ಕೇಳಿದ.

ನಾನೀಗ ಗೌಡರ ವಯಸ್ಸಿನ ಹತ್ತಿರಕ್ಕೆ ಬಂದಿದ್ದೇನೆ. ಇದನ್ನು ಬರೆಯುವಾಗ ಪಕ್ಕದ ಕೋಣೆಯಲ್ಲಿ ಮಗ, ಸೊಸೆ ದನಿ ತಗ್ಗಿಸಿ ಏನೋ ಮಾತಾಡುತ್ತಿದ್ದಾರೆ. ನಿನ್ನೆಯವರೆಗೂ ಹಾಗಾದಾಗ ಕೆಮ್ಮಿ ಎದ್ದು ಹೋಗುತ್ತಿದ್ದೆ. ಇವತ್ತು ಕುರ್ಚಿಯನ್ನು ಸ್ವಲ್ಪ ಬಾಗಿಲ ಕಡೆಗೆ ಎಳೆದುಕೊಂಡೆ.