ಕಾಮಾಕ್ಷಿಯ ದುರ್ಬೀನು

ಗಂಡ ವಾಮನ ಅಷ್ಟು ಸಲೀಸಾಗಿ ಒಪ್ಪಿದ್ದೇ ಕಾಮಾಕ್ಷಿಗೆ ಅನುಮಾನ ಹುಟ್ಟಿಸಿತು. ಮದುವೆಯಾಗಿ ವಡೋದರಾಕ್ಕೆ ಬಂದಾಗಿನಿಂದ ಫತೇಗಂಜ್‌ನ ಅವರ ಉಡುಪಿ ಹೋಟೆಲಿಗೆ ಮನೆಯಲ್ಲೇ ಕೂತು ಚಟ್ನಿಯ ಕಾಯಿ ತುರಿಯುವುದು, ಸಾಂಬಾರಿಗೆ ಮಸಾಲೆ ಹುರಿಯುವುದು ಎಲ್ಲ ಅವಳದೇ. ಮಿಕ್ಸಿ ಕೆಟ್ಟರೆ ಹೊಸದಕ್ಕೆ ತಿಂಗಳುಗಟ್ಟಲೆ ಗೋಗರೆಯಬೇಕು. ಅಂಥವನು, ಹಕ್ಕಿ ನೋಡಲು ದುರ್ಬೀನು ಬೇಕೆಂದದ್ದೇ ತಡ, ಅಂಗಿ ಹಾಕಿಕೊಂಡು ಹೊರಟೇಬಿಟ್ಟ.

ಹಕ್ಕಿಯ ಗೀಳು ಹತ್ತಿದ್ದು ತಾರಸಿಯಲ್ಲಿ ಬಟ್ಟೆ ಹರವುವಾಗ. ಚಳಿಗಾಲದ ಸಂಜೆ ಗುಲಾಬಿ ಕಬ್ಬಕ್ಕಿಗಳ ಹಿಂಡು ಯೂನಿವರ್ಸಿಟಿಯ ಮರಗಳ ಮೇಲೆ ಹೊಗೆಯಂತೆ ಸುತ್ತುತ್ತಿತ್ತು. ಅವುಗಳಲ್ಲಿ ಒಂದರದ್ದಾದರೂ ಮುಖ ನೋಡಬೇಕೆಂದು ಅವಳಿಗೆ ಆಸೆ. ಪಕ್ಕದ ಹೌಸಿಂಗ್ ಸೊಸೈಟಿಯ ಹೆಂಗಸರು ಭಾನುವಾರ ಬೆಳಿಗ್ಗೆ ಊರಾಚೆಯ ಕೆರೆಗೆ ಹಕ್ಕಿ ನೋಡಲು ಹೋಗುವಾಗ ಅವಳನ್ನೂ ಕರೆದಿದ್ದರು. ಭಾನುವಾರವೇ ಹೋಟೆಲಿನಲ್ಲಿ ನೂಕುನುಗ್ಗಲು. ಹಾಗಾಗಿ ಕೆರೆಯ ಸುದ್ದಿಯನ್ನು ಅವಳಿನ್ನೂ ಮನೆಯಲ್ಲಿ ಎತ್ತಿರಲಿಲ್ಲ.

ದುರ್ಬೀನಿನ ಅಂಗಡಿಯವನು ಅವಳತ್ತ ನೋಡದೆ, ಸ್ಟ್ಯಾಂಡಿನ ಮೇಲೆ ನಿಲ್ಲಿಸುವ ದೊಡ್ಡದೊಂದನ್ನು ವಾಮನನ ಮುಂದಿಟ್ಟ. ಪವರ್ ಹೆಚ್ಚಿದ್ದಷ್ಟೂ ಒಳ್ಳೆಯದಂತೆ. ವಾಮನ ಹಿಂದಿಯಲ್ಲಿ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದ. ಕತ್ತಲಾಗುವಾಗ ಕಾಣುತ್ತದೆಯೇ, ಒಂದೇ ಕಡೆ ನಿಲ್ಲಿಸಿಡಬಹುದೇ, ಕೈಯಲ್ಲಿ ಏನು ಹಿಡಿದಿದ್ದಾರೆಂದು ಗೊತ್ತಾಗುತ್ತದೆಯೇ.

"ಹಕ್ಕಿಗೆ ಕೈ ಉಂಟಾ?" ಕಾಮಾಕ್ಷಿ ಕನ್ನಡದಲ್ಲಿ ಕೇಳಿದಳು.

ವಾಮನ ಕೆಮ್ಮಿದ. ಅಡುಗೆಮನೆಯ ಕೆಲಸದವರು ಹಿಂಬಾಗಿಲಿನಿಂದ ತೆಂಗಿನಕಾಯಿ ಸಾಗಿಸುತ್ತಾರೆಂಬ ಗುಮಾನಿ ಅವನಿಗೆ ಬಹಳ ದಿನಗಳಿಂದ ಇತ್ತು. ಮನೆಯ ಬಾಲ್ಕನಿಗೆ ಹೋಟೆಲಿನ ಹಿತ್ತಲು ನೇರ ಕಾಣುತ್ತದೆ.

"ನೀನು ಹೇಗೂ ಬಾಲ್ಕನಿಯಲ್ಲೇ ಇರ್ತಿಯಲ್ಲ ಮಾರಾಯ್ತಿ. ಹಕ್ಕಿ ನೋಡಿದ ಹಾಗೂ ಆಯ್ತು."

ಹಾಗಾದರೆ ಇದು ಉಡುಗೊರೆಯಲ್ಲ, ಸಂಬಳವಿಲ್ಲದ ಇನ್ನೊಂದು ಕೆಲಸ.

ಅವಳು ದೊಡ್ಡದನ್ನು ಎತ್ತಿ ನೋಡಿದಳು. ಕಾಯಿ ತುರಿದು ತುರಿದು ನೋಯುವ ಮಣಿಕಟ್ಟು ನಡುಗಿತು, ಎದುರಿನ ಬೋರ್ಡಿನ ಅಕ್ಷರಗಳೂ ಕುಣಿದವು. ಅಂಗಡಿಯವನು 'ಲೇಡೀಸ್‌ಗೆ' ಎಂದು ಅಂಗೈಯಗಲದ್ದೊಂದನ್ನು ಕೊಟ್ಟ. ಅದರಲ್ಲಿ ಎಲ್ಲವೂ ಮಸುಕು. ಅವಳು ಎರಡನ್ನೂ ಬದಿಗಿಟ್ಟು ಕಪಾಟಿನಲ್ಲಿದ್ದ ಮಧ್ಯಮ ಗಾತ್ರದ್ದನ್ನು ಕೇಳಿದಳು. ಎಂಟು ಪಟ್ಟು ಮಾತ್ರ ದೊಡ್ಡದಾಗಿ ತೋರಿಸುತ್ತದೆ ಎಂದು ಅವನು ಮೂಗು ಮುರಿದ. ಅಂಗಡಿಯ ಬೆಳಕಲ್ಲಿ ಬೇಳೆಯನ್ನೇ ನಂಬದ ಕಾಮಾಕ್ಷಿ ಅದನ್ನು ಹಿಡಿದು ರಸ್ತೆಗೆ ಬಂದಳು. ಕಣ್ಣಿಗೊತ್ತುವ ರಬ್ಬರನ್ನು ತಿರುಗಿಸಿ ಒಳಗೆ ಇಳಿಸಿದರೆ ಕನ್ನಡಕ ತೆಗೆಯದೆಯೇ ಪೂರ್ತಿ ಕಾಣುತ್ತಿತ್ತು. ಲೈಟುಕಂಬದ ಮೇಲೆ ಹದ್ದೊಂದು ಕೂತಿತ್ತು. ನಡುವಿನ ಫೋಕಸ್ ಗಾಲಿ ತಿರುಗಿಸುತ್ತ ಹೋದಂತೆ ಅದರ ಕಣ್ಣು, ಕೊಕ್ಕಿನ ಬುಡದ ಹಳದಿ ಸ್ಪಷ್ಟವಾದವು. ಕೈ ನಡುಗಲಿಲ್ಲ.

"ಇದೇ ಸಾಕು. ಸ್ಟ್ಯಾಂಡು ಬೇಡ," ಎಂದಳು. "ಭಾನುವಾರ ಬೆಳಿಗ್ಗೆ ಕೆರೆಗೆ ಹೋಗ್ತೇನೆ."

"ಭಾನುವಾರವಾ? ಮತ್ತೆ ಚಟ್ನಿಗೆ ಎಂತ ಮಾಡುದು?"

"ತುರಿಮಣೆಯನ್ನು ಹೋಟೆಲಿನ ಹಿಂಬಾಗಿಲ ಹತ್ತಿರ ಇಟ್ಟುಕೊಳ್ಳಿ. ಅಲ್ಲಿ ಕೂತು ತುರೀರಿ, ಯಾರು ಎಂತ ಕೊಂಡು ಹೋಗ್ತಾರೆ ಅಂತಲೂ ಕಾಣ್ತದೆ."

ಅಂಗಡಿಯವನಿಗೆ ಕನ್ನಡ ತಿಳಿಯದಿದ್ದರೂ ಯಾವುದನ್ನು ಕಟ್ಟಬೇಕೆಂದು ತಿಳಿಯಿತು.

ಹೊರಗೆ ಬಂದ ಮೇಲೆ ವಾಮನ ಕೈ ಚಾಚಿ, ಭಾರ ಅಲ್ಲವಾ, ನಾನು ಹಿಡಿದುಕೊಳ್ಳುತ್ತೇನೆ ಎಂದ. ಇಷ್ಟು ವರ್ಷಗಳಲ್ಲಿ ತರಕಾರಿಯ ಚೀಲವನ್ನೂ ಎತ್ತಿದವನಲ್ಲ. ಕಾಮಾಕ್ಷಿ ಡಬ್ಬಿಯನ್ನು ಅವನ ಕೈಗಿತ್ತಳು. ಒಳಗಿನ ದುರ್ಬೀನನ್ನು ಮೊದಲೇ ತೆಗೆದು ಕೊರಳಿಗೆ ಹಾಕಿಕೊಂಡಿದ್ದಳು.